ಬಿಯರ್ ಊರಿನಲ್ಲಿ ನಿಧಿ ಶೋಧ: ಬರ್ಟನ್‌ನಲ್ಲಿ ಆಟ ಕಟ್ಟುವ ಸಮಗ್ರ ಮಾರ್ಗದರ್ಶಿ

ಇಂಗ್ಲೆಂಡಿನ ನಡುಭಾಗದಲ್ಲಿ, ಡರ್ಬಿಯಿಂದ ಬರ್ಮಿಂಗ್‌ಹ್ಯಾಮ್‌ಗೆ ಹೋಗುವ ರೈಲು ಹಾದಿಯಲ್ಲಿ ಬರ್ಟನ್ ಅಪಾನ್ ಟ್ರೆಂಟ್ ಎಂಬ ಊರಿದೆ. ಈ ಊರಿಗೂ ಭಾರತಕ್ಕೂ ಇನ್ನೂರು ವರ್ಷಗಳ ನಂಟು. 1820ರ ದಶಕದಿಂದ ಇಲ್ಲಿನ ಪೀಪಾಯಿಗಳು ಹಡಗು ಹತ್ತಿ ಕಲ್ಕತ್ತ, ಮದರಾಸು, ಬೊಂಬಾಯಿಗಳಲ್ಲಿ ಇಳಿದವು. ಇಂದು ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಸಿಗುವ ಇಂಡಿಯಾ ಪೇಲ್ ಏಲ್ ಎಂಬ ಬಗೆಯ ಬಿಯರ್ ಜಗತ್ತಿಗೆ ಪರಿಚಯವಾದದ್ದು ಬಹುಮಟ್ಟಿಗೆ ಬರ್ಟನ್ ಮೂಲಕ. ಬಿಯರ್ ಕುಡಿಯದವರಿಗೂ ಈ ಊರಿನ ಚರಿತ್ರೆ ರುಚಿಸುತ್ತದೆ. ನೀರು, ಕಲ್ಲು, ಮರ, ರೈಲು, ರಸಾಯನ, ವ್ಯಾಪಾರ ಎಲ್ಲವೂ ಅದರಲ್ಲಿ ಸೇರಿವೆ.

ಊರಿನ ಬಿಯರ್ ವಸ್ತುಸಂಗ್ರಹಾಲಯ 2022ರಲ್ಲಿ ಮುಚ್ಚಿತು. ಅಂದಿನಿಂದ ಈ ಚರಿತ್ರೆಯನ್ನು ಬೀದಿಯಲ್ಲೇ ಓದಿಕೊಳ್ಳಬೇಕಾಗಿದೆ. ಹಾಗೆ ಓದಿಸುವುದಕ್ಕೆ ನಿಧಿ ಶೋಧಕ್ಕಿಂತ ಒಳ್ಳೆಯ ಆಟ ನನಗೆ ಕಂಡಿಲ್ಲ. ಮಿಡ್‌ಲ್ಯಾಂಡ್ಸ್‌ನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಸೇರಿ ಆಡಬಹುದಾದ ಒಂದು ಆಟವನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟುವ ಬಗೆಯನ್ನು ಇಲ್ಲಿ ಬರೆದಿದ್ದೇನೆ.

ಒಂದು ನಿಯಮವನ್ನು ಮಾತ್ರ ಬಿಡಬೇಡಿ. ಒಂದು ಕಡೆ ಕಲಿತದ್ದು ಮುಂದಿನ ಬೀಗಕ್ಕೆ ಕೀಲಿಯಾಗಬೇಕು. ‘ಇಂಥ ಕಟ್ಟಡದ ಮುಂದೆ ಹೋಗಿ ಚೀಟಿ ಹುಡುಕಿ’ ಎನ್ನುವ ಆಟದಲ್ಲಿ ಮಕ್ಕಳು ಓಡುತ್ತಾರೆ, ಚೀಟಿ ಹಿಡಿಯುತ್ತಾರೆ, ಕಟ್ಟಡವನ್ನು ಕತ್ತೆತ್ತಿಯೂ ನೋಡುವುದಿಲ್ಲ. ಊರನ್ನು ಅರಿಯದೆ ಪೆಟ್ಟಿಗೆ ತೆರೆಯಲಾಗದಂತೆ ಆಟ ಕಟ್ಟಬೇಕು.

ಹೆಜ್ಜೆ 1: ಕತೆಯ ಎಳೆ ಹಿಡಿಯಿರಿ

ಬರ್ಟನ್‌ನ ಕತೆ ದೊಡ್ಡದು. ಎಲ್ಲವನ್ನೂ ತುರುಕಲು ಹೋದರೆ ಆಟ ಪಾಠವಾಗುತ್ತದೆ. ‘ಈ ಊರಿನ ಬಿಯರ್ ಭಾರತಕ್ಕೆ ಹೋದದ್ದು ಹೇಗೆ?’ ಎಂಬ ಒಂದೇ ಪ್ರಶ್ನೆಯನ್ನು ಎಳೆಯಾಗಿಟ್ಟುಕೊಳ್ಳಿ. ಅದಕ್ಕೆ ಬೇಕಾದ ಹಿನ್ನೆಲೆ ಇಷ್ಟು.

ಇಲ್ಲಿ ಸುಮಾರು 1003ರಲ್ಲಿ ಒಂದು ಕ್ರೈಸ್ತ ಮಠ ಸ್ಥಾಪನೆಯಾಯಿತು. ಮಠದ ಸನ್ಯಾಸಿಗಳ ಕಾಲದಿಂದಲೂ ಇಲ್ಲಿನ ಬಿಯರ್‌ಗೆ ಹೆಸರಿತ್ತು. 1712ರ ನಂತರ ಟ್ರೆಂಟ್ ನದಿಯಲ್ಲಿ ಸರಕು ದೋಣಿಗಳು ಓಡಾಡತೊಡಗಿದವು. ಬರ್ಟನ್‌ನ ಸಿಹಿಯಾದ, ಗಡುಸಾದ ಬಿಯರ್ ಹಲ್ ಬಂದರಿನ ಮೂಲಕ ರಷ್ಯಾಕ್ಕೆ ಹೋಗುತ್ತಿತ್ತು. ನೆಪೋಲಿಯನ್ ಯುದ್ಧಗಳಿಂದ ಆ ವ್ಯಾಪಾರಕ್ಕೆ ಪೆಟ್ಟು ಬಿತ್ತು. 1822ರಲ್ಲಿ ರಷ್ಯಾ ಭಾರೀ ಸುಂಕ ಹೇರಿದಾಗ ಅದು ನಿಂತೇ ಹೋಯಿತು. ಆಗ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಕ್ಯಾಂಪ್‌ಬೆಲ್ ಮಾರ್ಜೊರಿಬ್ಯಾಂಕ್ಸ್, ಬರ್ಟನ್‌ನ ಸ್ಯಾಮ್ಯುಯೆಲ್ ಆಲ್‌ಸಾಪ್ ಅವರಿಗೆ ಭಾರತದ ಮಾರುಕಟ್ಟೆಯನ್ನು ತೋರಿಸಿದರು. ಅಲ್ಲಿಯವರೆಗೆ ಆ ಮಾರುಕಟ್ಟೆ ಲಂಡನ್ನಿನ ಹಾಡ್ಜ್‌ಸನ್ ಎಂಬವರ ಹಿಡಿತದಲ್ಲಿತ್ತು. ಆಲ್‌ಸಾಪ್ ಅವರ ಆಳು ಜಾಬ್ ಗುಡ್‌ಹೆಡ್ ಹೊಸ ಬಿಯರ್‌ನ ಮೊದಲ ಮಾದರಿಯನ್ನು ಚಹಾ ಪಾತ್ರೆಯಲ್ಲಿ ತಯಾರಿಸಿದನೆಂದು ಊರಿನವರು ಇಂದಿಗೂ ಹೇಳುತ್ತಾರೆ. ನಿಮ್ಮ ಮೊದಲ ಸುಳಿವನ್ನು ಹಳೆಯ ಚಹಾ ಪಾತ್ರೆಯೊಂದರಲ್ಲಿಟ್ಟು ಕೊಡಿ. ಹತ್ತು ವರ್ಷದ ಮಕ್ಕಳ ಕುತೂಹಲ ಅಲ್ಲಿಗೇ ಕೆರಳುತ್ತದೆ.

ಹೆಜ್ಜೆ 2: ಮೊದಲು ನೀವು ನಡೆದು ನೋಡಿ

ನಕ್ಷೆ ನೋಡಿ ಆಟ ಕಟ್ಟಬೇಡಿ. ನೋಟ್‌ಬುಕ್ ಹಿಡಿದು ಇಡೀ ದಾರಿಯನ್ನು ಒಮ್ಮೆ ನಿಧಾನವಾಗಿ ನಡೆಯಿರಿ. ಗೋಡೆಯ ಫಲಕ, ಪ್ರತಿಮೆಯ ಪೀಠ, ಕಟ್ಟಡದ ನೆತ್ತಿಯ ಇಸವಿ, ಕಂಬಗಳ ಸಂಖ್ಯೆ ಎಲ್ಲವನ್ನೂ ಬರೆದುಕೊಳ್ಳಿ, ಫೋಟೋ ತೆಗೆಯಿರಿ. ಮನೆಯಲ್ಲಿ ಕುಳಿತು ಮೊಬೈಲ್‌ನಲ್ಲಿ ಸಿಗುವ ಉತ್ತರ ಸುಳಿವಿಗೆ ಯೋಗ್ಯವಲ್ಲ. ಅಲ್ಲಿಗೆ ಹೋಗಿ ನಿಂತವರಿಗೇ ಕಾಣುವಂಥದ್ದನ್ನು ಆರಿಸಿ.

ಆಟಕ್ಕೆ ಒಂದು ವಾರ ಇರುವಾಗ ಮತ್ತೊಮ್ಮೆ ನಡೆಯಿರಿ. ಊರಿನಲ್ಲಿ ನವೀಕರಣ ನಡೆಯುತ್ತಲೇ ಇರುತ್ತದೆ. ಪ್ರತಿಮೆಗಳು ಜಾಗ ಬದಲಿಸುತ್ತವೆ, ಫಲಕಗಳ ಮುಂದೆ ಸಾರವೆ ಏಳುತ್ತದೆ.

ಹೆಜ್ಜೆ 3: ಆರು ತಾಣಗಳ ದಾರಿ

ಹಿರಿಯರೂ ಚಿಕ್ಕ ಮಕ್ಕಳೂ ಇರುವ ಗುಂಪಿಗೆ ಮೂರು ಕಿಲೋಮೀಟರ್ ಆಸುಪಾಸಿನ ದಾರಿ, ಆರು ತಾಣ, ಎರಡರಿಂದ ಎರಡೂವರೆ ಗಂಟೆ ಸಾಕು. ರೈಲು ನಿಲ್ದಾಣದ ಬಳಿ ಆರಂಭಿಸಿ ನದಿಯಾಚೆಯ ಉದ್ಯಾನದಲ್ಲಿ ಮುಗಿಸುವ ದಾರಿ ನನಗೆ ಹೆಚ್ಚು ಇಷ್ಟ. ಕೊನೆಯಲ್ಲಿ ಕುಳಿತು ಊಟ ಮಾಡಲು ಜಾಗ ಸಿಗುತ್ತದೆ.

ಮೊದಲ ತಾಣ ಪುರಭವನದ ಮುಂದಿನ ಕಿಂಗ್ ಎಡ್ವರ್ಡ್ ಪ್ಲೇಸ್. ನಿಲ್ದಾಣದಿಂದ ಪೇಟೆಯ ಕಡೆ ಹೋಗದೆ ಅದರ ವಿರುದ್ಧ ದಿಕ್ಕಿಗೆ ಕೆಲವು ನಿಮಿಷ ನಡೆದರೆ ಸಿಗುತ್ತದೆ. ಬಿಯರ್ ದೊರೆ ಮೈಕೆಲ್ ಆರ್ಥರ್ ಬಾಸ್, ಅಂದರೆ ಲಾರ್ಡ್ ಬರ್ಟನ್, ಅವರ ಪ್ರತಿಮೆ ಅಲ್ಲಿದೆ. ಪುರಭವನವೂ ಪಕ್ಕದ ಸೇಂಟ್ ಪಾಲ್ ಚರ್ಚೂ ಆ ಕುಟುಂಬದ ಹಣದಿಂದ ಎದ್ದವು. ಇಲ್ಲಿಗೆ ಕರೆತರುವ ಸುಳಿವಾಗಿ ಒಂದು ಚಿತ್ರ ಕೊಡಿ. ಫ್ರೆಂಚ್ ಕಲಾವಿದ ಎಡ್ವರ್ಡ್ ಮಾನೆ 1882ರಲ್ಲಿ ಮುಗಿಸಿದ, ಪ್ಯಾರಿಸ್‌ನ ಬಾರ್ ಒಂದರ ಪ್ರಸಿದ್ಧ ವರ್ಣಚಿತ್ರದಲ್ಲಿ ಕೆಂಪು ತ್ರಿಕೋನದ ಗುರುತಿರುವ ಬಾಟಲಿಗಳಿವೆ. ಆ ತ್ರಿಕೋನ ಬಾಸ್ ಕಂಪನಿಯದು. ಬ್ರಿಟನ್ನಿನಲ್ಲಿ 1876ರ ಜನವರಿ 1ರಂದು ನೋಂದಣಿಯಾದ ಮೊದಲ ಸಂಖ್ಯೆಯ ಟ್ರೇಡ್‌ಮಾರ್ಕ್ ಅದೇ. ಬಾಟಲಿ ಇರುವ ತುಂಡನ್ನು ಮಾತ್ರ ಮುದ್ರಿಸಿ, ‘ಈ ತ್ರಿಕೋನದ ಒಡೆಯ ಎಲ್ಲಿ ನಿಂತಿದ್ದಾನೆ?’ ಎಂದು ಕೇಳಿ.

ಎರಡನೆಯದು ರೈಲು ಸೇತುವೆ. ಇಲ್ಲಿ ಹೆಚ್ಚು ಹೊತ್ತು ಬೇಡ. 1839ರಲ್ಲಿ ರೈಲು ಬಂದ ಮೇಲೆ ಬರ್ಟನ್‌ನ ಬಿಯರ್ ದೇಶದ ಮೂಲೆಮೂಲೆಗೆ ತಲುಪಿತು. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣ 1868ರಲ್ಲಿ ತೆರೆದಾಗ, ಅದರ ನೆಲಮಾಳಿಗೆಯ ಕಂಬಗಳ ಅಂತರವನ್ನು ಬರ್ಟನ್‌ನ ಬಿಯರ್ ಪೀಪಾಯಿಗಳ ಅಳತೆಗೆ ಹೊಂದಿಸಿ ನಿಗದಿ ಮಾಡಿದ್ದರು. ಯುರೋಸ್ಟಾರ್ ರೈಲು ಹಿಡಿಯಲು ಅಲ್ಲಿ ಸಾಲು ನಿಂತ ಅನುಭವ ನಮ್ಮಲ್ಲಿ ಅನೇಕರಿಗೆ ಇರುತ್ತದೆ. ಕಂಬಗಳ ಆ ಒಂದು ಸಂಗತಿಯನ್ನು ಕಾರ್ಡ್‌ನಲ್ಲಿ ಬರೆದು ಮುಂದಕ್ಕೆ ಕಳಿಸಿ.

ಮೂರನೆಯದು ಪೀಪಾಯಿ ಕಟ್ಟುವವನ, ಇಂಗ್ಲಿಷಿನಲ್ಲಿ ಕೂಪರ್‌ನ, ಕಂಚಿನ ಪ್ರತಿಮೆ. ಕೂಪರ್ಸ್ ಸ್ಕ್ವೇರ್ ಎಂಬ ಮಳಿಗೆ ಸಮುಚ್ಚಯದ ಹೆಸರಿಗೂ ಆ ಕಸುಬೇ ಮೂಲ. ಪ್ರತಿಮೆ ಈಗ ಎಲ್ಲಿದೆ ಎಂಬುದನ್ನು ಪೂರ್ವನಡಿಗೆಯಲ್ಲಿ ಖಚಿತಪಡಿಸಿಕೊಳ್ಳಿ. ಇಡೀ ಆಟದ ಕೀಲಿ ಇರುವುದು ಈ ತಾಣದಲ್ಲಿ. ಅದನ್ನು ಮುಂದೆ ವಿವರಿಸುತ್ತೇನೆ.

ನಾಲ್ಕನೆಯದು ಹೈ ಸ್ಟ್ರೀಟ್. ಬಾಸ್ ಕಂಪನಿಯನ್ನು ಕಟ್ಟಿದ ವಿಲಿಯಂ ಬಾಸ್ ಬದುಕಿದ ಮನೆ ಈ ಬೀದಿಯಲ್ಲಿದೆ. ಅವನು ಮೊದಲು ಬಿಯರ್ ತಯಾರಕನಾಗಿರಲಿಲ್ಲ, ಸರಕು ಸಾಗಿಸುವವನಾಗಿದ್ದ. ಬೇರೆಯವರ ಬಿಯರ್ ಹೊತ್ತೂ ಹೊತ್ತೂ 1777ರಲ್ಲಿ ತಾನೇ ತಯಾರಿಕೆಗೆ ಇಳಿದ. ಟ್ರೆಂಟ್ ಮತ್ತು ಮರ್ಸಿ ಕಾಲುವೆ ಪೂರ್ಣಗೊಂಡದ್ದೂ ಅದೇ ವರ್ಷ.

ಐದನೆಯದು ಮಾರ್ಕೆಟ್ ಪ್ಲೇಸ್. ಹಳೆಯ ಮಠದ ಜಾಗದಲ್ಲಿ ಹದಿನೆಂಟನೆಯ ಶತಮಾನದಲ್ಲಿ ಕಟ್ಟಿದ ಸೇಂಟ್ ಮಾಡ್ವೆನ್ ಚರ್ಚ್ ಅಲ್ಲಿದೆ. ನೀರಿನ ಗುಟ್ಟನ್ನು ಇಲ್ಲಿ ಬಿಚ್ಚಿ.

ಆರನೆಯದು ನದಿಯ ಬದಿಯ ಹುಲ್ಲುಗಾವಲು ದಾಟಿದ ಮೇಲೆ ಬರುವ ಫೆರ್ರಿ ಬ್ರಿಜ್ ಎಂಬ ಕಾಲುಸೇತುವೆ. ಅದು 1889ರಲ್ಲಿ ಲಾರ್ಡ್ ಬರ್ಟನ್ ಊರಿಗೆ ಕೊಟ್ಟ ಕೊಡುಗೆ. ಸೇತುವೆಯಾಚೆ ಸ್ಟೇಪನ್‌ಹಿಲ್ ಉದ್ಯಾನ. ನಿಧಿ ಅಲ್ಲಿ.

ಹೆಜ್ಜೆ 4: ಸುಳಿವುಗಳನ್ನು ಒಗಟಾಗಿ ಬರೆಯಿರಿ

ಇಲ್ಲಿ ಬೆಳೆಯುವ ನಮ್ಮ ಮಕ್ಕಳಲ್ಲಿ ಹಲವರಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಬೇಸಿಗೆಯಲ್ಲಿ ಊರಿನಿಂದ ಬಂದಿರುವ ಅಜ್ಜ ಅಜ್ಜಿಯರಿಗೆ ಕನ್ನಡ ಸಲೀಸು, ಇಲ್ಲಿನ ಬೀದಿ ಅಪರಿಚಿತ. ಇದನ್ನು ಆಟದ ಬಲ ಮಾಡಿಕೊಳ್ಳಿ. ಸುಳಿವು ಕನ್ನಡದಲ್ಲಿರಲಿ, ಉತ್ತರ ಊರಿನ ಇಂಗ್ಲಿಷ್ ಫಲಕದಲ್ಲಿರಲಿ. ಅಜ್ಜಿ ಓದಬೇಕು, ಮೊಮ್ಮಗಳು ಹುಡುಕಬೇಕು. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಮುಂದಿನ ದಾರಿ ಸಿಗಬಾರದು.

ಒಗಟು ನಾಲ್ಕು ಸಾಲು ಮೀರದಿರಲಿ. ಪೀಪಾಯಿಯವನಿಗೆ ನಾನು ಬರೆದದ್ದು ಹೀಗಿದೆ:

ಮೊಳೆಯಿಲ್ಲ, ಅಂಟಿಲ್ಲ, ಒಂದು ಹನಿ ಸೋರುವುದಿಲ್ಲ;
ಮೈಗೆಲ್ಲ ಕಬ್ಬಿಣದ ಪಟ್ಟಿ, ನಡು ಮಾತ್ರ ದಪ್ಪ.
ನನ್ನನ್ನು ಕಟ್ಟಿದವನು ಕಂಚಾಗಿ ನಿಂತಿದ್ದಾನೆ,
ಅವನ ಕೈಯಲ್ಲಿ ಏನಿದೆ, ನೋಡಿ ಬನ್ನಿ.

ಫೆರ್ರಿ ಬ್ರಿಜ್‌ಗೆ ಎರಡೇ ಸಾಲು ಸಾಕು:

ಬಿಯರ್ ಮಾರಿದ ಹಣ ನೀರಿನ ಮೇಲೆ ಮಲಗಿದೆ;
ದೋಣಿಯ ಹೆಸರು ಹೊತ್ತು ದೋಣಿಯ ಕೆಲಸ ಕಸಿದಿದೆ.

ಒಗಟು ಬರೆದ ಮೇಲೆ ಆಟದಲ್ಲಿ ಭಾಗವಹಿಸದ ಒಬ್ಬರಿಗೆ ಕೊಟ್ಟು ಬಿಡಿಸಲು ಹೇಳಿ. ಐದು ನಿಮಿಷದೊಳಗೆ ದಾರಿ ಹೊಳೆಯದಿದ್ದರೆ ಒಗಟನ್ನು ತಿದ್ದಿ. ಬರೆದವರಿಗೆ ತಮ್ಮ ಒಗಟು ಯಾವಾಗಲೂ ಸುಲಭವಾಗಿಯೇ ಕಾಣುತ್ತದೆ.

ಹೆಜ್ಜೆ 5: ಕೈಯಲ್ಲಿ ಹಿಡಿದು ತಿಳಿಯುವ ಎರಡು ತಾಣಗಳು

ಮಾರ್ಕೆಟ್ ಪ್ಲೇಸ್‌ನಲ್ಲಿ ನೀರಿನ ಗುಟ್ಟು ಬಿಚ್ಚುವುದು ಹೀಗೆ. ಊರಿನ ಹೆಸರಿನಲ್ಲೇ ಟ್ರೆಂಟ್ ನದಿ ಇರುವುದರಿಂದ ಬಿಯರ್ ಮಾಡಿದ್ದು ನದಿ ನೀರಿನಿಂದ ಎಂದು ಎಲ್ಲರೂ ಭಾವಿಸುತ್ತಾರೆ. ಬರ್ಟನ್‌ನವರು ಬಳಸಿದ್ದು ಬಾವಿಯ ನೀರು. ನೆಲದಡಿಯ ಜಿಪ್ಸಮ್ ಪದರಗಳ ಮೂಲಕ ಜಿನುಗುವಾಗ ಆ ನೀರಿನಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ಕರಗುತ್ತದೆ. ಕ್ಯಾಲ್ಸಿಯಂನಿಂದ ಬಿಯರ್ ತಿಳಿಯಾಗುತ್ತದೆ, ಸಲ್ಫೇಟ್‌ನಿಂದ ಹಾಪ್ಸ್ ಹೂವಿನ ಕಹಿ ಚುರುಕಾಗುತ್ತದೆ. ತಿಳಿ ಬಣ್ಣದ, ಕಹಿ ಮುಂದಾದ ಪೇಲ್ ಏಲ್‌ಗೆ ಲಂಡನ್ನಿನ ನೀರಿಗಿಂತ ಈ ನೀರು ಒಗ್ಗಿದ್ದು ಅದಕ್ಕೇ. ಇಂದಿಗೂ ಬೇರೆ ಊರುಗಳಲ್ಲಿ ನೀರಿಗೆ ಜಿಪ್ಸಮ್ ಬೆರೆಸುವುದಕ್ಕೆ ಬರ್ಟನ್‌ನ ಹೆಸರಿಟ್ಟೇ ಕರೆಯುತ್ತಾರೆ.

ಇದನ್ನು ಆಟ ಮಾಡಲು ಒಂದು ಬಟ್ಟೆ ಚೀಲದಲ್ಲಿ ಮೂರು ಕಲ್ಲು ಇಡಿ: ಜಿಪ್ಸಮ್, ಸುಣ್ಣದ ಕಲ್ಲು, ಬೆಣಚು ಕಲ್ಲು. ‘ಬರ್ಟನ್‌ನ ನೀರಿನಲ್ಲಿ ಕರಗಿದ ಕಲ್ಲನ್ನು ಉಗುರಿನಿಂದಲೇ ಗೀರಬಹುದು’ ಎಂಬುದು ಸುಳಿವು. ಜಿಪ್ಸಮ್ ಅಷ್ಟು ಮೆದು. ಉಗುರು ಎಳೆದರೆ ಬಿಳಿ ಗೆರೆ ಬಿದ್ದು ಬೆರಳಿಗೆ ನಯವಾದ ಪುಡಿ ಅಂಟುತ್ತದೆ. ಸುಣ್ಣದ ಕಲ್ಲಿನ ಮೇಲೆ, ಬೆಣಚಿನ ಮೇಲೆ ಉಗುರು ಜಾರುತ್ತದೆ. ಪ್ರತಿ ಕಲ್ಲಿನ ಕೆಳಗೆ ಬೇರೆ ಬೇರೆ ದಿಕ್ಕಿನ ಬಾಣ ಅಂಟಿಸಿ; ಸರಿಯಾದ ಕಲ್ಲಿನ ಬಾಣ ಮಾತ್ರ ನದಿಯ ಕಡೆ ತೋರಿಸಲಿ. ಜಿಪ್ಸಮ್ ತುಂಡು ಆನ್‌ಲೈನ್‌ನಲ್ಲಿ ಅಗ್ಗವಾಗಿ ಸಿಗುತ್ತದೆ.

ಎರಡನೆಯ ಆಟ ಹುದುಗುವಿಕೆಯದು. ಇದನ್ನು ತಂಡ ಆರಂಭದಲ್ಲಿ ಶುರು ಮಾಡಿ ಕೊನೆಯವರೆಗೆ ಹೊತ್ತೊಯ್ಯಬೇಕು. ಬರ್ಟನ್‌ನಲ್ಲಿ ಪೀಪಾಯಿಗಳನ್ನು ಸಾಲಾಗಿ ಜೋಡಿಸಿ, ಅವುಗಳ ಮೇಲೆ ಹಂಸದ ಕುತ್ತಿಗೆಯಂಥ ಕೊಳವೆಗಳನ್ನು ಇಟ್ಟು ಬಿಯರ್ ಹುದುಗಿಸುವ ಒಂದು ಪದ್ಧತಿಯಿತ್ತು. ಇಡ್ಲಿ ಹಿಟ್ಟು ಪಾತ್ರೆ ಮೀರಿ ಉಕ್ಕುವಂತೆ ಯೀಸ್ಟಿನ ನೊರೆ ಕೊಳವೆಯಿಂದ ಮೇಲೇರಿ ತೊಟ್ಟಿಗೆ ಬೀಳುತ್ತಿತ್ತು. ಯೀಸ್ಟ್ ತೊಟ್ಟಿಯಲ್ಲಿ ಉಳಿದು, ಬಿಯರ್ ಮತ್ತೆ ಪೀಪಾಯಿಗೆ ಇಳಿಯುತ್ತಿತ್ತು. ಬರ್ಟನ್ ಯೂನಿಯನ್ ಎಂದು ಹೆಸರಾದ ಈ ಸಾಲುಗಳನ್ನು ಊರಿನಲ್ಲಿ ಕೊನೆಯವರೆಗೂ ಉಳಿಸಿಕೊಂಡಿದ್ದ ಮಾರ್ಸ್‌ಟನ್ಸ್ ಕಾರ್ಖಾನೆಯಲ್ಲಿ 2024ರಲ್ಲಿ ಅವು ನಿಂತವು. ಒಂದು ಸಾಲು ಥಾರ್ನ್‌ಬ್ರಿಜ್ ಎಂಬ ಬೇರೊಂದು ತಯಾರಕರ ಬಳಿ ಹೋಗಿ ಕೆಲಸ ಮುಂದುವರಿಸಿದೆ. ನೂರೆಂಬತ್ತು ವರ್ಷ ದಾಟಿದ ಒಂದು ಕಸುಬು ತಾನು ಹುಟ್ಟಿದ ಊರನ್ನೇ ಬಿಟ್ಟದ್ದು ನನಗೆ ನೋವಿನ ಸಂಗತಿ. ಅದಕ್ಕೇ ಅದರ ತತ್ತ್ವವಾದರೂ ಮಕ್ಕಳ ಕೈಗೆ ಸಿಗಲಿ ಎಂದು ಈ ಆಟವನ್ನು ಸೇರಿಸಿದ್ದೇನೆ.

ಬೇಕಾದದ್ದು ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿ, ಮೂರು ಟೀ ಚಮಚ ಸಕ್ಕರೆ, ಬ್ರೆಡ್‌ಗೆ ಬಳಸುವ ಒಣ ಯೀಸ್ಟ್ ಒಂದೂವರೆ ಟೀ ಚಮಚ, ಉಗುರುಬೆಚ್ಚಗಿನ ನೀರು ಅರ್ಧ ಬಾಟಲಿ, ಒಂದು ಬಲೂನು. ಬಲೂನನ್ನು ಹಿಂದಿನ ದಿನವೇ ಸಿದ್ಧಪಡಿಸಿ. ಮೊದಲು ಅದನ್ನು ಮೂಸಂಬಿ ಗಾತ್ರಕ್ಕೆ ಊದಿ, ಸಣ್ಣ ಮೊನೆಯ ಮಾರ್ಕರ್‌ನಿಂದ ತೀರಾ ಸಣ್ಣ ಅಕ್ಷರಗಳಲ್ಲಿ ‘ಹಾಗ್ಸ್‌ಹೆಡ್ × ಬ್ಯಾರೆಲ್’ ಎಂದು ಸುತ್ತಲೂ ಹರಡಿ ಬರೆಯಿರಿ. ಇವು ಎರಡು ಗಾತ್ರದ ಪೀಪಾಯಿಗಳ ಹೆಸರು, ಇವುಗಳ ಉಪಯೋಗ ಹೆಜ್ಜೆ 6ರಲ್ಲಿದೆ. ಶಾಯಿ ಒಣಗಿದ ಮೇಲೆ ಗಾಳಿ ಬಿಡಿ. ಅಕ್ಷರಗಳು ಕುಗ್ಗಿ ಕಪ್ಪು ಚುಕ್ಕೆಗಳಂತೆ ಕಾಣುತ್ತವೆ.

ಆಟದ ಆರಂಭದಲ್ಲಿ ತಂಡದವರೇ ಎಲ್ಲವನ್ನೂ ಬಾಟಲಿಗೆ ಹಾಕಿ, ಕುಲುಕಿ, ಬಾಯಿಗೆ ಬಲೂನು ತೊಡಿಸಲಿ. ಬಿಸಿನೀರನ್ನು ಥರ್ಮಾಸ್‌ನಲ್ಲಿ ತಂದು ತಣ್ಣೀರು ಬೆರೆಸಿ ಕೊಡಿ. ಸುಡುವ ನೀರು ಯೀಸ್ಟನ್ನು ಕೊಲ್ಲುತ್ತದೆ. ಬಾಟಲಿಯನ್ನು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ಚೀಲದಲ್ಲಿ ನೆಟ್ಟಗೆ ನಿಲ್ಲಿಸಬೇಕು. ಯೀಸ್ಟ್ ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಬಲೂನು ನಿಧಾನಕ್ಕೆ ಎದ್ದು ನಿಲ್ಲುತ್ತದೆ, ಅಕ್ಷರಗಳು ಬಿಡಿಸಿಕೊಳ್ಳುತ್ತವೆ. ಗಾಜಿನ ಬಾಟಲಿ ಬೇಡವೇ ಬೇಡ, ಬಾಟಲಿಗೆ ಮುಚ್ಚಳವನ್ನು ಯಾವ ಕಾರಣಕ್ಕೂ ಬಿಗಿಯಬಾರದು. ರಬ್ಬರ್ ಬಲೂನಿನ ಅಲರ್ಜಿ ಇರುವವರಿದ್ದಾರೆಯೇ ಎಂದು ಮೊದಲೇ ಕೇಳಿ. ಬಲೂನನ್ನು ಕೈಯಿಂದ ಎಳೆದು ಓದಲು ನೋಡುವ ಚೂಟಿ ಮಕ್ಕಳು ಇದ್ದೇ ಇರುತ್ತಾರೆ. ಅಕ್ಷರಗಳನ್ನು ಸುತ್ತಲೂ ಹರಡಿ ಬರೆಯುವುದು ಅದಕ್ಕಾಗಿಯೇ. ಮನೆಯಲ್ಲಿ ಒಮ್ಮೆ ಮಾಡಿ ನೋಡಿ, ಎಷ್ಟು ಹೊತ್ತಿಗೆ ಓದಲು ಬರುತ್ತದೆ ಎಂದು ಗುರುತು ಮಾಡಿಕೊಳ್ಳಿ.

ಹೆಜ್ಜೆ 6: ಬೀಗ

ಹೆಣಿಗೆ ಕೂಡುವುದು ಇಲ್ಲಿ. ಪೀಪಾಯಿಯವನ ಪ್ರತಿಮೆಯ ಬಳಿ ತಂಡಕ್ಕೆ ಒಂದು ಕಾರ್ಡ್ ಸಿಗುತ್ತದೆ. ಅದರಲ್ಲಿ ಬ್ರಿಟಿಷ್ ಬಿಯರ್ ಪೀಪಾಯಿಗಳ ಚಿತ್ರ, ಹೆಸರು ಮಾತ್ರ: ಫರ್ಕಿನ್, ಕಿಲ್ಡರ್‌ಕಿನ್, ಬ್ಯಾರೆಲ್, ಹಾಗ್ಸ್‌ಹೆಡ್. ಕೆಳಗೆ ಲೆಕ್ಕ. ಫರ್ಕಿನ್ ಎಂದರೆ 9 ಗ್ಯಾಲನ್, ಅಂದರೆ ಸುಮಾರು 41 ಲೀಟರ್. ಎರಡು ಫರ್ಕಿನ್ ಸೇರಿದರೆ ಒಂದು ಕಿಲ್ಡರ್‌ಕಿನ್. ಎರಡು ಕಿಲ್ಡರ್‌ಕಿನ್ ಸೇರಿದರೆ ಒಂದು ಬ್ಯಾರೆಲ್. ಒಂದೂವರೆ ಬ್ಯಾರೆಲ್ ಒಂದು ಹಾಗ್ಸ್‌ಹೆಡ್. ಮಕ್ಕಳು ಲೆಕ್ಕ ಹಾಕಿದರೆ 9, 18, 36, 54 ಸಿಗುತ್ತದೆ. ಈ ಅಂಕಿಗಳ ಉಪಯೋಗವೇನೆಂದು ಅಲ್ಲಿ ಹೇಳಬೇಡಿ.

ನಿಧಿಯ ಪೆಟ್ಟಿಗೆಗೆ ನಾಲ್ಕು ಅಂಕಿಯ ಬೀಗ ಹಾಕಿ. ದಾರಿಯುದ್ದಕ್ಕೂ 1777, 1839, 1876, 1889 ಎಂದು ಇಸವಿಗಳನ್ನು ಕೇಳಿ ಬಂದ ತಂಡಗಳು ಮೊದಲು ಅವನ್ನೇ ತಿರುಗಿಸುತ್ತವೆ. ಬಾಟಲಿಯ ಬಲೂನು ನೋಡಬೇಕೆಂದು ಹೊಳೆದ ತಂಡಕ್ಕೆ ಮಾತ್ರ ಉತ್ತರ: ಹಾಗ್ಸ್‌ಹೆಡ್ 54, ಬ್ಯಾರೆಲ್ 36, ಗುಣಿಸಿದರೆ 1944.

ಹೆಜ್ಜೆ 7: ನಿಧಿ ಏನಿರಬೇಕು?

ಬಿಯರ್ ಅಲ್ಲ. ಬ್ರಿಟನ್ನಿನಲ್ಲಿ ಹದಿನೆಂಟು ತುಂಬದವರಿಗೆ ಮದ್ಯ ಮಾರುವಂತಿಲ್ಲ. ಜೊತೆಗೆ, ಮಕ್ಕಳು ಮುಂದಾಗಿ ಆಡುವ ಆಟದಲ್ಲಿ ಮದ್ಯವನ್ನು ಬಹುಮಾನ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಬರ್ಟನ್‌ನಲ್ಲಿ ಇದಕ್ಕಿಂತ ಒಳ್ಳೆಯ ನಿಧಿ ಇದೆ: ಬ್ರೆಡ್‌ಗೆ ಸವರಿ ತಿನ್ನುವ ಉಪ್ಪಾದ ಮಾರ್ಮೈಟ್. ಬಿಯರ್ ತಯಾರಾದ ಮೇಲೆ ಉಳಿಯುವ ಯೀಸ್ಟನ್ನು ಬಳಸಿಕೊಂಡು 1902ರಲ್ಲಿ ಇದೇ ಊರಿನಲ್ಲಿ ಮಾರ್ಮೈಟ್ ಕಂಪನಿ ಶುರುವಾಯಿತು. ಇಂದಿಗೂ ಇಲ್ಲಿಯೇ ತಯಾರಾಗುತ್ತದೆ. ಅದರಲ್ಲಿ ಮಾಂಸವಿಲ್ಲ. ಪ್ರತಿ ತಂಡಕ್ಕೂ ಪುಟ್ಟ ಶೀಶೆಯೊಂದನ್ನು ಪೆಟ್ಟಿಗೆಯಲ್ಲಿಡಿ. ಜೊತೆಗೆ ಟೋಸ್ಟ್, ಬೆಣ್ಣೆ ಇರಲಿ. ಮೊದಲ ಬಾರಿ ತಿನ್ನುವವರು ಬೆಣ್ಣೆಯ ಮೇಲೆ ತೀರಾ ತೆಳುವಾಗಿ ಸವರಬೇಕು, ಜಾಮ್‌ನಂತೆ ಬಳಿದರೆ ಉಪ್ಪು ತಡೆಯಲಾಗದು. ಊಟಕ್ಕೆ ಚಿತ್ರಾನ್ನ, ಮೊಸರನ್ನ ತಂದಿರುತ್ತೀರಿ, ಅದು ಹೇಳಬೇಕಾಗಿಲ್ಲ.

ಹೆಜ್ಜೆ 8: ತಂಡ, ಸಮಯ, ಅನುಮತಿ

ತಂಡಕ್ಕೆ ನಾಲ್ಕೈದು ಜನ, ಒಬ್ಬರಾದರೂ ಕನ್ನಡ ಓದುವವರು, ಒಬ್ಬರಾದರೂ ವಯಸ್ಕರು. ಎಲ್ಲ ತಂಡಗಳನ್ನೂ ಒಟ್ಟಿಗೆ ಬಿಡಬೇಡಿ. ಹತ್ತು ಹತ್ತು ನಿಮಿಷದ ಅಂತರದಲ್ಲಿ ಬಿಟ್ಟು, ತಲುಪಿದ ಹೊತ್ತಿನಿಂದ ಹೊರಟ ಹೊತ್ತನ್ನು ಕಳೆಯಿರಿ. ದಾರಿ ತಪ್ಪಿದವರಿಗೆ ಮೊಹರು ಮಾಡಿದ ಲಕೋಟೆಗಳಲ್ಲಿ ಹೆಚ್ಚುವರಿ ಸುಳಿವು ಕೊಟ್ಟಿರಿ. ಒಂದನ್ನು ಒಡೆದರೆ ಲೆಕ್ಕಕ್ಕೆ ಐದು ನಿಮಿಷ ಸೇರುತ್ತದೆ. ಮೂರು, ಐದು, ಆರನೆಯ ತಾಣಗಳಲ್ಲಿ ಸ್ವಯಂಸೇವಕರು ನಿಲ್ಲಲಿ. ಉಳಿದ ಕಡೆ ಫಲಕ ಸಾಕು.

ಹಳೆಯ ಕಟ್ಟಡಗಳಿಗೆ ಏನನ್ನೂ ಅಂಟಿಸಬೇಡಿ, ಎಲ್ಲಿಯೂ ನೆಲ ಅಗೆಯಬೇಡಿ. ಸುಳಿವುಗಳು ಸ್ವಯಂಸೇವಕರ ಕೈಯಲ್ಲಿರಲಿ ಅಥವಾ ತಂಡದ ಲಕೋಟೆಯಲ್ಲಿರಲಿ. ಬೀದಿಯಲ್ಲಿ ಬಿಟ್ಟ ಪೆಟ್ಟಿಗೆ ಈ ದೇಶದಲ್ಲಿ ಪೊಲೀಸರನ್ನು ಕರೆಸುತ್ತದೆ. ಚರ್ಚಿನ ಆವರಣ, ಮಳಿಗೆ ಸಮುಚ್ಚಯ, ಉದ್ಯಾನ ಈ ಮೂರಕ್ಕೂ ಮುಂಚಿತವಾಗಿ ಬರೆದು ಅನುಮತಿ ಪಡೆಯಿರಿ. ಭಾನುವಾರ ಬೆಳಗಿನ ಪ್ರಾರ್ಥನೆಯ ಹೊತ್ತನ್ನು ತಪ್ಪಿಸಿ.

ಚಳಿಗಾಲದಲ್ಲಿ ಟ್ರೆಂಟ್ ಉಕ್ಕಿದರೆ ಬದಿಯ ಹುಲ್ಲುಗಾವಲು ಮುಳುಗುತ್ತದೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗಿನ ದಿನಗಳನ್ನೇ ಆರಿಸಿ. ಹಾಗಿದ್ದರೂ ಹಿಂದಿನ ಸಂಜೆ ಪ್ರವಾಹ ಮುನ್ಸೂಚನೆ ನೋಡಿ. ನದಿಯ ಬದಿಯಲ್ಲಿ ಓಡುವಂತಿಲ್ಲ ಎಂಬುದನ್ನು ಆಟದ ನಿಯಮವಾಗಿಯೇ ಬರೆಯಿರಿ. ಆ ಭಾಗದಲ್ಲಿ ಸಮಯ ಎಣಿಸದಿದ್ದರೆ ಓಡುವ ಆಸೆಯೇ ಹುಟ್ಟುವುದಿಲ್ಲ.

ಇನ್ನೂ ಹೊತ್ತಿದ್ದವರು ಕಾರಿನಲ್ಲಿ ಊರಿನ ಉತ್ತರಕ್ಕಿರುವ ಕ್ಲೇಮಿಲ್ಸ್ ಪಂಪಿಂಗ್ ಸ್ಟೇಷನ್‌ಗೆ ಹೋಗಿ. ಬಿಯರ್ ಕಾರ್ಖಾನೆಗಳ ಕೊಳೆನೀರನ್ನು ಊರಾಚೆ ತಳ್ಳಲು 1885ರಲ್ಲಿ ಕಟ್ಟಿದ್ದು. ನಾಲ್ಕು ದೈತ್ಯ ಉಗಿಯಂತ್ರಗಳನ್ನು ಸ್ವಯಂಸೇವಕರು ಉಳಿಸಿಕೊಂಡಿದ್ದಾರೆ. ಯಂತ್ರ ಓಡಿಸುವ ದಿನಗಳು ಕೆಲವೇ, ವಿಚಾರಿಸಿಕೊಂಡು ಹೊರಡಿ.

ಬೆಂಗಳೂರಿನಲ್ಲಿ ಆಡುವುದಾದರೆ

ಇದೇ ಹೆಣಿಗೆ ಬೆಂಗಳೂರಿಗೂ ಒಗ್ಗುತ್ತದೆ. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವರು ದಕ್ಷಿಣ ಭಾರತದ ಐದು ಬಿಯರ್ ಕಾರ್ಖಾನೆಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು. ಆರಂಭದಲ್ಲಿ ಸೈನಿಕರಿಗಾಗಿ ಬಿಯರ್ ಸಾಗಿದ್ದು ದೊಡ್ಡ ಹಾಗ್ಸ್‌ಹೆಡ್ ಪೀಪಾಯಿಗಳಲ್ಲಿ, ಎತ್ತಿನಗಾಡಿಗಳ ಮೇಲೆ. ವಿಠಲ ಮಲ್ಯ 1947ರಲ್ಲಿ ಆ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದರು. ಹಿಂದೆ ಗ್ರಾಂಟ್ ರಸ್ತೆ ಎನಿಸಿದ್ದ ಬೀದಿಗೆ ಈಗ ಅವರ ಹೆಸರಿದೆ, ಅಲ್ಲಿನ ಯುಬಿ ಸಿಟಿ ನಿಂತಿರುವುದು ಹಳೆಯ ಬಿಯರ್ ಕಾರ್ಖಾನೆಯ ನೆಲದ ಮೇಲೆ. ಅಲ್ಲಿ ಕಟ್ಟಡಗಳ ಕುರುಹು ಕಡಿಮೆ, ಹೆಸರುಗಳ ಕುರುಹು ಹೆಚ್ಚು. ಆದ್ದರಿಂದ ಫಲಕ ಹುಡುಕಿಸುವ ಬದಲು ಹಳೆಯ ನಕ್ಷೆಯೊಂದನ್ನು ತಂಡದ ಕೈಗೆ ಕೊಟ್ಟು, ಬದಲಾದ ರಸ್ತೆಯ ಹೆಸರುಗಳನ್ನು ಹುಡುಕಿಸಿ. ಪೀಪಾಯಿಯ ಲೆಕ್ಕವನ್ನೂ ಬಲೂನಿನ ಬಾಟಲಿಯನ್ನೂ ಹಾಗೆಯೇ ಉಳಿಸಿಕೊಳ್ಳಬಹುದು. ಬೆಂಗಳೂರಿನ ಹವೆಗೆ ಉಣ್ಣೆಯ ಕಾಲುಚೀಲ ಬೇಕಾಗುವುದಿಲ್ಲ, ಬಲೂನು ಬೇಗ ಏಳುತ್ತದೆ. ಆದ್ದರಿಂದ ಯೀಸ್ಟನ್ನು ಒಂದು ಚಮಚಕ್ಕೆ ಇಳಿಸಿ.